ಹಸಿ ಗೋಡೆ, ಹಸಿ ಬಾಣಂತಿ

ಬೆಳಗ್ಗೆ ಎದ್ದು ಹಂಡೆಯ ಒಲೆಗೆ ತೆಂಗಿನ ಮಟ್ಟೆ ತುರುಕಿದೆ. ಮಗುವಿನ ಬಟ್ಟೆಗಳನ್ನು ಬಿಸಿನೀರಿನಲ್ಲಿ ಜಾಲಿಸಿ ಹಗ್ಗದ ಮೇಲೆ ಹರವಿದೆ. ಬೆಳ್ಳುಳ್ಳಿ ಬಿಡಿಸಿದೆ. ಮೆಣಸು, ಜೀರಿಗೆ ಹುರಿದು ಕುಟ್ಟಿದೆ. ಮಗಳ ತಲೆಗೆ ಎಣ್ಣೆ ಹಚ್ಚಿ, ನೀರೆರೆದು, ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದೆ. ಹಳೆಯ ಸೀರೆ ಹರಿದು ಅವಳ ಹೊಟ್ಟೆಗೆ ಬಿಗಿಯಾಗಿ ಸುತ್ತಿದೆ. ಹಾಲಿನವನ ಹತ್ತಿರ ಅರ್ಧ ಲೀಟರ್ ಜಾಸ್ತಿ ಕೇಳಿದೆ. ಅವನು ಕೊಡಲಿಲ್ಲ. ಮಗುವಿನ ಬಟ್ಟೆ ಬದಲಾಯಿಸಿದೆ. ಮತ್ತೆ ಬದಲಾಯಿಸಿದೆ. (ಆಮೇಲೆ ನನ್ನ ಸೀರೆಯನ್ನೂ ಬದಲಾಯಿಸಬೇಕಾಯಿತು. ಕಾರಣ ನೀವೇ ಊಹಿಸಿಕೊಳ್ಳಿ.)

ಇಷ್ಟನ್ನೂ ಮಾಡಿದ್ದು ನನ್ನ ಮನೆಯಲ್ಲಲ್ಲ.

ನನ್ನ ಮನೆ ಕೆ.ಆರ್. ಪುರದ ಆಚೆ ಇದೆ. ಹೊಚ್ಚ ಹೊಸದು. ನಮ್ಮ ಯಜಮಾನರ ಪಾಲಿಗೆ ಬಂದ ಅಪ್ಪನ ಕಾಲದ ರಾಗಿ ಹೊಲದ ತುಂಡಿನ ಮೇಲೆ ಕಟ್ಟಿದ್ದು. ಅದರ ಇಟ್ಟಿಗೆ, ಮರಳು, ಮೇಸ್ತ್ರಿಯ ಮುನಿಸು ಎಲ್ಲವನ್ನೂ ಈ ಅಂಕಣದಲ್ಲಿ ಬರೆದು ಬರೆದು ನಿಮ್ಮ ತಲೆ ತಿಂದಿದ್ದೇನೆ. ಅಷ್ಟು ಆಸೆಯಿಂದ ಕಟ್ಟಿಸಿದ ಮನೆಗೆ ಈಗ ಹಗಲೆಲ್ಲ ಬೀಗ. ಯಜಮಾನರು ಸಂಜೆ ಹೋಗಿ ದೇವರ ದೀಪ ಹಚ್ಚಿ, ಬಾಗಿಲು ಹಾಕಿಕೊಂಡು ಒಬ್ಬರೇ ಮಲಗುತ್ತಾರೆ. ನಾನು, ಮಗಳು ಮಂಜುಳ, ಅವಳ ಮಗು ಮೂವರೂ ಹಲಸೂರಿನ ಹಳೆಯ ವಠಾರದಲ್ಲಿದ್ದೇವೆ. ಅದೂ ನಾವು ಬಿಟ್ಟುಬಂದ ಮನೆಯಲ್ಲಲ್ಲ. ಪಕ್ಕದ ಕನ್ನಿಯಮ್ಮನ ಮನೆಯಲ್ಲಿ.

ಯಾಕೆ?

ಒಂದೇ ಒಂದು ಸಣ್ಣ ಪದದಿಂದ. ಹಸಿ.

ಮನೆ ಕಟ್ಟಿಸಿದವರಿಗೆಲ್ಲ ಆಷಾಢದ ಭಯ ಗೊತ್ತಿರುತ್ತದೆ. ಆಷಾಢಕ್ಕೆ ಮೊದಲು ಹಾಲುಕ್ಕಿಸಿಬಿಡಬೇಕು, ಇಲ್ಲದಿದ್ದರೆ ಶ್ರಾವಣದವರೆಗೆ ಕಾಯಬೇಕು. ಶ್ರಾವಣದವರೆಗೆ ಕಾದರೆ ಬಾಡಿಗೆ ಮನೆಯಲ್ಲಿ ಮಂಜುಳನ ಚೊಚ್ಚಲ ಬಾಣಂತನ ಮಾಡಬೇಕು. ಸ್ವಂತ ಮನೆ ಎದ್ದು ನಿಂತಿರುವಾಗ ಬಾಡಿಗೆ ಮನೆಯಲ್ಲಿ ಬಾಣಂತನವೇ? ನಮ್ಮ ಕಡೆಯ ದೊಡ್ಡವರೆಲ್ಲ ಒಕ್ಕೊರಲಿನಿಂದ ಬೇಡ ಅಂದರು. ಹಾಗಾಗಿ ಒಳಗೋಡೆಯ ಗಾರೆ ಮುಗಿದ ವಾರದಲ್ಲೇ ಸುಣ್ಣ, ಸುಣ್ಣದ ಬೆನ್ನಿಗೇ ಪುರೋಹಿತರು, ಪುರೋಹಿತರ ಬೆನ್ನಿಗೇ ಹಸು. ಹಾಲುಕ್ಕಿತು. ವಠಾರದ ಮನೆಯ ಬೀಗದಕೈ ಮಾಲೀಕರಿಗೆ ಕೊಟ್ಟೆವು. ಅವರು ಮರುದಿನವೇ ಬೇರೆಯವರನ್ನು ಕರೆತಂದರು.

ಕೆ.ಆರ್. ಪುರದ ಸುತ್ತ ಹೀಗೆ ಮುಹೂರ್ತಕ್ಕೆ ಓಡಿದ ಮನೆಗಳು ಎಷ್ಟೋ ಇವೆ. ಬೇಸಿಗೆಯಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಆದರೆ ಈ ಸಲ ಮುಂಗಾರು ಮೋಡ ಮನೆಯ ಮೇಲೇ ಬಿಡಾರ ಹೂಡಿತು. ನಮ್ಮ ಲೆಕ್ಕದಲ್ಲಿ ಇನ್ನೂ ಟೈಮ್ ಇತ್ತು. ಮಗು ಬರುವ ಹೊತ್ತಿಗೆ ಗೋಡೆ ಒಣಗಿರುತ್ತದೆ ಅಂದುಕೊಂಡಿದ್ದೆವು.

ಮಗುವಿಗೆ ನಮ್ಮ ಲೆಕ್ಕ ಗೊತ್ತಿರಲಿಲ್ಲ. ದಿನ ತುಂಬುವ ಮೊದಲೇ ಬಂತು.

ಇಂದಿರಾನಗರದ ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಮಗುವನ್ನು ನನ್ನ ಕೈಗಿಡುತ್ತಾ ಹೇಳಿದರು: “ಸ್ವಲ್ಪ ಬೇಗ ಬಂದಿದ್ದಾಳೆ, ತೂಕ ಕಡಿಮೆ. ಔಷಧಿ ಏನೂ ಬೇಡ. ಬೆಚ್ಚಗಿಡಿ, ಅಷ್ಟೇ. ತಣ್ಣಗಾಗೋಕೆ ಬಿಟ್ರೆ ಮಾತ್ರ ಮತ್ತೆ ಇಲ್ಲಿಗೇ ಎತ್ಕೊಂಡು ಬರ್ಬೇಕಾಗುತ್ತೆ ನೋಡಿ.”

ಬೆಚ್ಚಗಿಡುವುದು ಏನು ಮಹಾ ಕೆಲಸ? ಹಾಗಂದುಕೊಂಡು ಟ್ಯಾಕ್ಸಿ ಮಾಡಿಸಿಕೊಂಡು ಹೊಸ ಮನೆಗೆ ಹೋದೆವು. ಬಾಗಿಲಲ್ಲಿ ಆರತಿ ಎತ್ತಿದೆ. ಬಾಣಂತಿಯ ಕೋಣೆಗೆ ಕಿಟಕಿ ಮುಚ್ಚಿ, ಕಂಬಳಿ ಹಾಸಿದೆ.

ಮರುದಿನ ಬೆಳಗ್ಗೆ ಚಾಪೆ ಎತ್ತಿದರೆ ಅದರ ಅಡಿಯೆಲ್ಲ ಒದ್ದೆ. ಗೋಡೆಯ ಮೇಲೆ ಬೆವರು. ಒಗೆದ ಬಟ್ಟೆ ಒಣಗದೆ ವಾಸನೆ ಹೊಡೆಯುತ್ತಿತ್ತು. ಮಗುವಿನ ಅಂಗಾಲು ಮುಟ್ಟಿದೆ. ತಣ್ಣಗಿತ್ತು. ಎದೆಗವಚಿಕೊಂಡೆ, ಬೆಚ್ಚಗಾಯಿತು. ಕೆಳಗಿಟ್ಟೆ, ಮತ್ತೆ ತಣ್ಣಗಾಯಿತು. ಯಜಮಾನರು ಹೀಟರ್ ತಂದರು. ಹೀಟರ್ ಹಾಕಿದರೆ ಗೋಡೆ ಇನ್ನಷ್ಟು ಬೆವರಿತು. (ಅದೂ ಕರೆಂಟ್ ಇದ್ದಾಗ.) ಆ ದಿನವೆಲ್ಲ ನಾನು, ಮಂಜುಳ ಸರದಿಯ ಮೇಲೆ ಮಗುವನ್ನು ಮಡಿಲಲ್ಲೇ ಇಟ್ಟುಕೊಂಡೆವು. ಹೆತ್ತು ಸುಸ್ತಾದ ಹುಡುಗಿ ಗೋಡೆಗೆ ಒರಗಿಕೊಳ್ಳುವ ಹಾಗೂ ಇರಲಿಲ್ಲ. ಒರಗಿದರೆ ಬೆನ್ನು ಒದ್ದೆ.

ಅಂಥ ಹೊತ್ತಿನಲ್ಲಿ ಕನ್ನಿಯಮ್ಮ ಬಂದರು. ಮಗು ನೋಡಲು. ಬುಟ್ಟಿ ತುಂಬ ಇಡ್ಲಿ ತಂದಿದ್ದರು.

ಕನ್ನಿಯಮ್ಮನನ್ನು ನಿಮಗೆ ಪರಿಚಯ ಮಾಡಿಸಬೇಕು. ವಠಾರದಲ್ಲಿ ನಮ್ಮ ಗೋಡೆಗೆ ಅಂಟಿಕೊಂಡ ಮನೆ ಅವರದು. ನನಗಿಂತ ದೊಡ್ಡವರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಇಡ್ಲಿ ಬೇಯಿಸಿ ಮಾರುತ್ತಾ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ಕಟುಕರ ಅಂಗಡಿಯಲ್ಲಿ ಉರ್ದು, ಸಿಟ್ಟು ಬಂದರೆ ಇಂಗ್ಲಿಷ್. ಮಂಜುಳನಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದ ದಿನಗಳನ್ನು ಎಣಿಸಿದರೆ ನನಗಿಂತ ಅವರೇ ಮುಂದಿರಬಹುದು.

ಅವರು ಮಗುವನ್ನು ನೋಡುವ ಮೊದಲು ಗೋಡೆ ಮುಟ್ಟಿದರು. ಬೆರಳು ಮೂಸಿದರು. ಆಮೇಲೆ ಮಂಜುಳನ ಕಡೆ ತಿರುಗಿ ಒಂದೇ ಮಾತು.

“ಎದ್ದೇಳು ಕಣ್ಣು. ಹೋಗಣ.”

“ಎಲ್ಲಿಗಕ್ಕ?” ಅಂದೆ.

“ನಮ್ಮನೇಗೆ. ಪಚ್ಚ ಒಡಂಬು ಮಾ ಇವಳದು. ಪಚ್ಚ ಪುಳ್ಳೆ ಬೇರೆ. ಇಬ್ರುನೂ ತಂದು ಬಾವಿ ಒಳಗೆ ಮಲಗ್ಸಿದೀರಲ್ಲ, ಏನ್ ಮನೆ ಕಟ್ಸಿದೀರೋ.”

ನಮ್ಮ ಯಜಮಾನರ ಮುಖ ಸಣ್ಣದಾಯಿತು. ಬಾವಿ ಅನ್ನಿಸಿಕೊಂಡದ್ದಕ್ಕಲ್ಲ. ಊರು ಏನನ್ನುತ್ತದೆ ಅಂತ.

“ಅಲ್ಲ ಕನ್ನಿಯಮ್ಮನೋರೆ, ಸ್ವಂತ ಮನೆ ಕಟ್ಸಿ, ಮಗಳ ಬಾಣಂತನ ಬಾಡಿಗೆ ಮನೇಲಿ ಮಾಡೋದಾ? ಅದೂ ಇನ್ನೊಬ್ಬರ ಬಾಡಿಗೆ ಮನೇಲಿ? ತವರು ಅಂತ ಬಂದಿದ್ದಾಳೆ ಅವಳು. ಜನ ನಗಲ್ವಾ?”

“ನಗಲಿ ಸಾರ್. ನಗೋ ಜನ ಬಂದು ಮಗೂನ ಮಡಿಲಲ್ಲಿ ಇಟ್ಕೋತಾರಾ? ನೀವು ಆಟೋ ಕರೀರಿ.”

ಅವರು ಆಟೋ ಕರೆದರು.

ಬಾಣಂತಿ ಹೊಸಿಲು ದಾಟಬಾರದು ಅಂತ ಒಂದು ನೇಮ ಇದೆಯಲ್ಲ? ಅದಕ್ಕೂ ಕನ್ನಿಯಮ್ಮ ದಾರಿ ಕಂಡುಕೊಂಡರು. ಮಂಜುಳನ ಕಿವಿಗೆ ಹತ್ತಿ ಇಟ್ಟು, ತಲೆಗೆ ನನ್ನ ಸ್ವೆಟರ್ ಸುತ್ತಿ, ಕೈಗೆ ಬೇವಿನ ಕಡ್ಡಿ ಕೊಟ್ಟರು. ಆಟೋದ ಎರಡೂ ಕಡೆ ಸೀರೆ ಕಟ್ಟಿದರು. ಓಲ್ಡ್ ಮದ್ರಾಸ್ ರೋಡಿನ ಗುಂಡಿಗಳಲ್ಲಿ ಡ್ರೈವರ್ ಪಾಪ ಹಾಲಿನ ಕೊಡ ಹೊತ್ತವನ ಹಾಗೆ ಬಂದ. ಒಂದೇ ಸಲ ಹಿಂದೆ ತಿರುಗಿ, “ಅಮ್ಮ, ಒಳಗೆ ಮಗು ಇದೆಯಾ, ಮದುವೆ ಹೆಣ್ಣು ಇದೆಯಾ?” ಅಂದ.

ಕನ್ನಿಯಮ್ಮನ ಮುಂದಿನ ಕೋಣೆಯ ವಿಶೇಷ ಏನು ಗೊತ್ತೇ? ಅದರ ಹಿಂದಿನ ಸಂದಿಯಲ್ಲೇ ಅವರ ಇಡ್ಲಿ ಒಲೆ. ಹೊಗೆ ಸಂದಿಯಿಂದ ಮೇಲಕ್ಕೆ ಹೋಗುತ್ತದೆ. ಕಾವು ಮಾತ್ರ ಗೋಡೆಯೊಳಗೆ ಇಳಿದು ಕೋಣೆಗೆ ಬರುತ್ತದೆ. ಬೇಸಿಗೆಯಲ್ಲಿ ಆ ಕೋಣೆಯಲ್ಲಿ ಕೂರಲಾಗದು. ನಾವೆಲ್ಲ “ಕನ್ನಿಯಮ್ಮನ ಬೇಕರಿ” ಅಂತ ತಮಾಷೆ ಮಾಡುತ್ತಿದ್ದೆವು. ಈಗ ಅದೇ ಗೋಡೆಯ ಪಕ್ಕ ಮಗುವನ್ನು ಮಲಗಿಸಿದೆವು. ಸಂಜೆಯೊಳಗೆ ಅಂಗಾಲು ಬೆಚ್ಚಗಾಯಿತು. ಮಡಿಲಿಂದ ಇಳಿಸಿದರೂ ಬೆಚ್ಚಗೇ ಇತ್ತು. ಮಂಜುಳ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು. ನಾನು ಆ ಕಡೆ ತಿರುಗಿ ಬೆಳ್ಳುಳ್ಳಿ ಬಿಡಿಸುವ ನೆಪದಲ್ಲಿ ಮೂಗು ಒರೆಸಿಕೊಂಡೆ.

ಕನ್ನಿಯಮ್ಮ ತಮ್ಮ ಹಾಸಿಗೆ ಸುತ್ತಿಕೊಂಡು ಅಡುಗೆಮನೆಗೆ ಹೋದರು. ಹಿಟ್ಟಿನ ಪಾತ್ರೆಗಳ ಪಕ್ಕ. “ನಂಗೆ ಇದೇ ಸುಖ ಮಾ, ಹಿಟ್ಟು ಉಬ್ಬೋ ಸದ್ದು ಕೇಳ್ಕೊಂಡು ಮಲಗ್ತೀನಿ” ಅಂದರು. ಸುಳ್ಳು. ನಮ್ಮ ಭಾಷೆಯಲ್ಲಿ ಹಸಿ ಸುಳ್ಳು. ತಮಿಳಿನಲ್ಲೂ ಅದಕ್ಕೆ ‘ಪಚ್ಚೈ ಪೊಯ್’ ಅನ್ನುತ್ತಾರಂತೆ. ಅಂದರೆ ಅದೇ, ಹಸಿ ಸುಳ್ಳು.

ಇಲ್ಲಿಂದ ನನ್ನ ತಲೆಯೊಳಗೆ ಈ ಪದ ಹೊಕ್ಕಿತು.

ಅವರು ‘ಪಚ್ಚ ಒಡಂಬು’ ಅಂದರು. ನಮ್ಮಮ್ಮ ಇದ್ದಿದ್ದರೆ ‘ಹಸಿ ಮೈ’ ಅನ್ನುತ್ತಿದ್ದಳು. ಅವರ ‘ಪಚ್ಚ ಪುಳ್ಳೆ’ ನಮ್ಮ ‘ಹಸುಗೂಸು’. ಎರಡು ಮನೆಯವರು ಒಂದೇ ಪದವನ್ನು ಗೋಡೆಯ ಆಚೆ ಈಚೆ ಕೂತು ಆಡುತ್ತಿದ್ದೆವು, ಇಷ್ಟು ವರ್ಷ ಗಮನಿಸಿರಲಿಲ್ಲ. ಯಜಮಾನರಿಗೆ ಹೇಳಿ ಟ್ರಂಕಿನಲ್ಲಿದ್ದ ದಪ್ಪ ನಿಘಂಟು ತರಿಸಿದೆ. (ಮಗುವಿನ ಸ್ವೆಟರ್ ತನ್ನಿ ಅಂದಿದ್ದೆ, ಅದನ್ನು ಮರೆತು ನಿಘಂಟು ಮಾತ್ರ ತಂದರು.) ಮಗು ಮಲಗಿದಾಗಲೆಲ್ಲ ಒಂದೊಂದು ಪುಟ ತಿರುವಿದೆ.

ಹಳಗನ್ನಡದಲ್ಲಿ ಇದು ‘ಪಸಿ’. ನಾವು ಕನ್ನಡದವರು ಒಂದು ಕಾಲದಲ್ಲಿ ಪಕಾರಗಳನ್ನೆಲ್ಲ ಹಕಾರ ಮಾಡಿಬಿಟ್ಟೆವಲ್ಲ, ಪಾಲ್ ಹಾಲಾಯಿತು, ಪೂ ಹೂವಾಯಿತು, ಹಾಗೆ ಪಸಿ ಹಸಿಯಾಯಿತು. ತಮಿಳರು, ತೆಲುಗರು ಪಕಾರವನ್ನು ಬಿಡಲಿಲ್ಲ. ಅವರಲ್ಲಿ ಪಚ್ಚೈ, ಪಚ್ಚಿ. ಹಸಿರು ಬಂದದ್ದೂ ಈ ಬೇರಿನಿಂದಲೇ. ಹಸುಳೆಯೂ ಅಲ್ಲಿಂದಲೇ. ಆದರೆ ಹೊಟ್ಟೆಯ ಹಸಿವು ಮಾತ್ರ ಬೇರೆ ವಂಶದ್ದಂತೆ, ನೋಡಲು ಒಂದೇ ಥರ, ಅಷ್ಟೇ. (ಬಾಣಂತಿಯ ಮನೆಯಲ್ಲಿ ಮಾತ್ರ ಇದನ್ನು ನಂಬುವುದು ಕಷ್ಟ.)

ಅಂದರೆ ಹಸಿ ಅನ್ನುವುದು ಮೊದಲು ಗಿಡದ ಮಾತು. ಈಗತಾನೇ ಚಿಗುರಿದ್ದು, ಒಳಗೆ ಇನ್ನೂ ರಸ ಹರಿಯುತ್ತಿರುವುದು. ಅಲ್ಲಿಂದ ಅದು ಅಡುಗೆಮನೆಗೆ ಬಂತು: ಹಸಿಮೆಣಸಿನಕಾಯಿ, ಹಸಿ ಶುಂಠಿ, ಮಸಾಲೆಯ ಹಸಿ ವಾಸನೆ. ಸೌದೆಗೆ ಹೋಯಿತು. ಗಾಯಕ್ಕೆ ಹೋಯಿತು. ಗಾರೆ ಮೆತ್ತಿದ ಗೋಡೆಗೆ ಹೋಯಿತು. ಹೆತ್ತವಳ ಮೈಗೂ ಬಂತು. ಈ ಕಡೆಯದನ್ನು ಯಾರು ಮೊದಲು ಅಂದರೋ, ಅವರಿಗೊಂದು ನಮಸ್ಕಾರ. ಕಾಯಿಲೆ ಅನ್ನಲಿಲ್ಲ, ನಿತ್ರಾಣ ಅನ್ನಲಿಲ್ಲ. ಇನ್ನೂ ಆರಿಲ್ಲ, ಸ್ವಲ್ಪ ಟೈಮ್ ಕೊಡಿ ಅಂತ ಒಂದೇ ಪದದಲ್ಲಿ ಹೇಳಿಬಿಟ್ಟರು.

ನಮ್ಮ ಮನೆಗೂ ಅಷ್ಟೇ ಬೇಕಾಗಿತ್ತು, ಸ್ವಲ್ಪ ಟೈಮ್. ಹಸಿ ಗೋಡೆ ತಪ್ಪು ಮಾಡಿರಲಿಲ್ಲ. ಅದಕ್ಕೆ ಗಾಳಿ ಆಡಬೇಕಿತ್ತು, ಕಿಟಕಿ ತೆರೆದಿರಬೇಕಿತ್ತು. ಹಸಿ ಬಾಣಂತಿಗೆ ಗಾಳಿ ತಾಕಬಾರದು, ಕಿಟಕಿ ಮುಚ್ಚಬೇಕು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಇಟ್ಟರೆ ಕಿಟಕಿ ಏನು ಮಾಡಬೇಕು ಹೇಳಿ?

ಇನ್ನು ‘ಒಣ’ ಅನ್ನುವ ಪದದ ಪಾಡು ನೋಡಿ. ಒಣ ಜಂಭ, ಒಣ ಮಾತು, ಒಣ ಹರಟೆ. ಯಾರನ್ನಾದರೂ ಬೈಯಬೇಕಾದರೆ ಒಣ. ನಾನು ಈ ವಾರದಿಂದ ಅದನ್ನು ಹಾಗೆ ಬಳಸುವುದಿಲ್ಲ. ಒಣ ನೆಲ, ಒಣ ಚಾಪೆ, ಒಣಗಿದ ಬಟ್ಟೆ. ಇದಕ್ಕಿಂತ ದೊಡ್ಡ ಐಶ್ವರ್ಯ ಯಾವುದು?

ಕನ್ನಿಯಮ್ಮನ ಬಾಣಂತನದಲ್ಲಿ ಎಲ್ಲವೂ ಸರಿಯಿತ್ತು ಅಂತಲ್ಲ. ಮಂಜುಳನಿಗೆ ನೀರನ್ನೇ ಕೊಡಬೇಡಿ ಅಂದರು. “ಪಚ್ಚ ತಣ್ಣಿ ಮುಟ್ಟಲೇಬಾರ್ದು.” ಪಚ್ಚ ತಣ್ಣಿ ಅಂದರೆ ಕಾಯಿಸದ ನೀರು. ಡಾಕ್ಟರಮ್ಮ ಧಾರಾಳವಾಗಿ ನೀರು ಕುಡಿಸಿ ಅಂದಿದ್ದರು. ಇಬ್ಬರಿಗೂ ಬೇಜಾರಾಗದ ಹಾಗೆ ನಾನು ಜೀರಿಗೆ ಹಾಕಿ ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿಟ್ಟೆ. ಕನ್ನಿಯಮ್ಮ ಅದನ್ನು ಕಷಾಯ ಅಂದುಕೊಂಡರು, ಮಂಜುಳ ನೀರು ಅಂದುಕೊಂಡಳು. ಮನೆ ನಡೆಯಿತು.

ಮಗುವಿನ ಕೆನ್ನೆ ತುಂಬತೊಡಗಿತು. ಚೆಕಪ್ಪಿಗೆ ಹೋದಾಗ ಡಾಕ್ಟರಮ್ಮ, “ಹೀಗೇ ಇನ್ನೂ ಸ್ವಲ್ಪ ದಿನ ಅಲ್ಲಾಡಿಸ್ಬೇಡಿ” ಅಂದರು.

ಅಲ್ಲಾಡಿಸುವವರು ಇವತ್ತು ಬಂದರು.

ನಮ್ಮ ಬೀಗಿತ್ತಿ, ಮಂಜುಳನ ಅತ್ತೆ. ಹೊಸಕೋಟೆಯವರು. ಗಟ್ಟಿ ಹೆಂಗಸು, ಗಟ್ಟಿ ದನಿ. ಹೊಸ ಮನೆ ನೋಡಿಕೊಂಡು ಹಾಗೇ ಮೊಮ್ಮಗಳನ್ನು ನೋಡುತ್ತೇನೆ ಅಂತ ನಿನ್ನೆ ಅಲ್ಲಿನ ಎದುರುಮನೆಗೆ ಫೋನ್ ಮಾಡಿಸಿದ್ದರು. ಸೊಸೆ ಹೊಸ ಮನೆಯಲ್ಲೇ ಇದ್ದಾಳೆ ಅಂತ ಅವರ ಎಣಿಕೆ. ನಿಜ ಹೇಳಲು ಯಜಮಾನರಿಗೆ ಬಾಯಿ ಬರಲಿಲ್ಲ. ಬೆಳಗ್ಗೆ ಮನೆ ತೋರಿಸಿ, ಕಾಫಿ ಕೊಟ್ಟು, ಕೊನೆಗೆ ಹೇಳಿ, ಇಲ್ಲಿಗೆ ಕರೆತಂದರು.

ಬೀಗಿತ್ತಿ ವಠಾರದ ಬಾಗಿಲಲ್ಲಿ ನಿಂತಾಗ ಕೈಚೀಲದೊಳಗಿಂದ ಒಂದು ಜೀವಂತ ಕೋಳಿ ತಲೆ ಹೊರಗೆ ಹಾಕಿತ್ತು. ಕೋಳಿಯ ಮುಖದಲ್ಲೂ ಬೀಗಿತ್ತಿಯ ಮುಖದಲ್ಲೂ ಒಂದೇ ಭಾವ.

“ಏನ್ರಮ್ಮ ಇದು?” ಅಂದರು ನನಗೆ. “ಅಲ್ಲಿ ಅರಮನೆ ಕಟ್ಸಿ ಬೀಗ ಹಾಕಿದೀರಾ, ಇಲ್ಲಿ ನನ್ನ ಸೊಸೆನ ಯಾರ ಮನೇಲಿ ಇಟ್ಟಿದೀರಾ?”

ನಾನು ಬಾಯಿ ತೆರೆದೆ. ಅವರು ಬಿಡಲಿಲ್ಲ.

“ತವರಲ್ಲಿ ಜಾಗ ಇಲ್ಲ ಅಂದ್ರೆ ಹೇಳ್ಬೇಕಿತ್ತು. ನಮ್ಮನೇಲಿ ಜಾಗ ಇಲ್ವಾ? ಮಂಜುಳ, ಬಟ್ಟೆ ಜೋಡಿಸ್ಕೊ. ಮಧ್ಯಾಹ್ನದ ಬಸ್ಸಿಗೆ ಹೊರಡಣ.”

ಮಧ್ಯಾಹ್ನದ ಬಸ್ಸು. ಕಿಟಕಿಗೆ ಗಾಜಿಲ್ಲದ ಹೊಸಕೋಟೆ ಬಸ್ಸು. ಈಗತಾನೇ ಕೆನ್ನೆ ತುಂಬುತ್ತಿರುವ ಮಗು. ಮಂಜುಳ ನನ್ನ ಕಡೆ ನೋಡಿದಳು. ಅತ್ತೆಗೆ ಇಲ್ಲ ಅನ್ನುವ ಧೈರ್ಯ ಅವಳಿಗಿಲ್ಲ. ಬೀಗಿತ್ತಿಗೆ ಎದುರಾಡುವ ಬಾಯಿ ಹೆಣ್ಣು ಕೊಟ್ಟ ನನಗಿದೆಯೇ? ಯಜಮಾನರು ಚಪ್ಪಲಿಯನ್ನು ಸಾಲಾಗಿ ಜೋಡಿಸತೊಡಗಿದರು. (ಗಂಡಸರಿಗೆ ಇಂಥ ಹೊತ್ತಿನಲ್ಲಿ ಎಲ್ಲಿಂದಲೋ ಒಂದು ಕೆಲಸ ಸಿಕ್ಕಿಬಿಡುತ್ತದೆ.)

ಕನ್ನಿಯಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು.

“ವಾಂಗಮ್ಮ, ಬನ್ನಿ. ನಿಂತ್ಕೊಂಡೇ ಬೈದ್ರೆ ಕಾಲು ನೋಯುತ್ತೆ. ಕೂತ್ಕೊಂಡು ಬೈರಿ.”

“ನೀವ್ಯಾರು?”

“ಇಡ್ಲಿ ಮಾಡೋಳು. ಈ ಹುಡುಗಿ ನನ್ನ ಮಡಿಲಲ್ಲಿ ಬೆಳ್ದೋಳು. ಕರ್ಕೊಂಡು ಹೋಗ್ತೀರಾ, ಹೋಗಿ. ನಿಮ್ಮ ಸೊಸೆ, ನಿಮ್ಮ ಮೊಮ್ಮಗಳು. ಅದಕ್ಕೆ ಮೊದ್ಲು ಆ ಮನೇಲಿ ಗೋಡೆ ಮುಟ್ಟಿದ್ರಾ?”

“ನೋಡ್ದೆ. ಸುಣ್ಣ ಎಲ್ಲ ಊದ್ಕೊಂಡಿದೆ.”

“ಈಗ ಈ ಚಾಪೆ ಕೆಳಗೆ ಕೈ ಇಡಿ.”

ಬೀಗಿತ್ತಿ ಕೋಳಿ ಚೀಲವನ್ನು ಯಜಮಾನರ ಕೈಗೆ ಕೊಟ್ಟರು. ಬಗ್ಗಿ, ಮಗು ಮಲಗಿದ್ದ ಚಾಪೆಯ ಅಡಿಗೆ ಕೈ ತೂರಿಸಿದರು. ತೆಗೆಯಲಿಲ್ಲ. ಇನ್ನೊಂದು ಕೈಯನ್ನು ಗೋಡೆಗೆ ಒತ್ತಿದರು. ಆಮೇಲೆ ನಿಧಾನಕ್ಕೆ ಕೂತರು, ಸೊಂಟ ಹಿಡಿದುಕೊಂಡು.

“ನನ್ನ ದೊಡ್ಡ ಮಗ ಹುಟ್ಟಿದಾಗ,” ಅಂದರು, ಯಾರಿಗೂ ಹೇಳುತ್ತಿಲ್ಲ ಅನ್ನುವ ಹಾಗೆ, “ನಮ್ಮಪ್ಪ ಹೊಸ ಗಾರೆ ನೆಲ ಹಾಕ್ಸಿದ್ರು. ಮಗಳು ಬಾಣಂತನಕ್ಕೆ ಬರ್ತಾಳೆ ಅಂತಾನೇ. ಆಸೆಯಿಂದ. ಆ ನೆಲದ ಮೇಲೇ ಮಲಗಿದ್ದೆ. ಇವತ್ತಿಗೂ ಮೋಡ ಆದ್ರೆ ಸೊಂಟ ಹಿಡ್ಕೊಳತ್ತೆ. ಅಪ್ಪನಿಗೆ ಒಂದು ದಿನಾನೂ ಹೇಳ್ಲಿಲ್ಲ, ನೊಂದ್ಕೊತಾರೆ ಅಂತ.”

ಯಜಮಾನರು ಕೋಳಿ ಹಿಡಿದುಕೊಂಡು ಹಾಗೇ ನಿಂತಿದ್ದರು. ಅವರ ಕಣ್ಣು ಕೆಂಪಾಗಿದ್ದನ್ನು ನಾನು ನೋಡಿದೆ. ನೀವು ನೋಡಲಿಲ್ಲ ಅಂತ ಇಟ್ಟುಕೊಳ್ಳಿ.

ಬೀಗಿತ್ತಿ ಸೊಸೆಯ ತಲೆಯ ಬಟ್ಟೆ ಸರಿಮಾಡಿದರು. “ಇಲ್ಲೇ ಇರೇ. ಗೋಡೆ ಒಣಗೋವರ್ಗೂ ಇಲ್ಲೇ ಇರು.” ಕನ್ನಿಯಮ್ಮನ ಕಡೆ ತಿರುಗಿ, “ನಿಮಗೆ ತೊಂದ್ರೆ ಆಗಲ್ವೇನಮ್ಮ?” ಅಂದರು.

“ಆಗುತ್ತೆ. ಕೋಳಿ ಯಾರು ಕುಯ್ಯೋದು ಅನ್ನೋದೇ ತೊಂದ್ರೆ. ನಾನು ಇವತ್ತು ಮೀನು ಮಾಡ್ಬಿಟ್ಟಿದೀನಿ.”

ಶಿವಾಜಿನಗರದ ಮಾರ್ಕೆಟ್ಟಿನಿಂದ ಬೆಳಗ್ಗೆಯೇ ತರಿಸಿದ ಸುರಾ ಮೀನು, ಅಂದರೆ ಪುಟ್ಟ ಶಾರ್ಕ್. ಬಾಣಂತಿಗೆ ಹಾಲು ಹೆಚ್ಚುತ್ತದಂತೆ. ಬೇಯಿಸಿ, ಉದುರುದುರಾಗಿ ಬಿಡಿಸಿ, ಬೆಳ್ಳುಳ್ಳಿಯ ಜೊತೆ ಹುರಿಯುತ್ತಾರೆ. ನೋಡಲು ಉಪ್ಪಿಟ್ಟಿನ ಹಾಗಿರುತ್ತದೆ, ಹೆಸರು ಸುರಾ ಪುಟ್ಟು.

“ಸಮುದ್ರದ ಮೀನಾ? ಬಾಣಂತಿಗಾ?” ಬೀಗಿತ್ತಿಯ ಹುಬ್ಬು ಮತ್ತೆ ಮೇಲೇರಿತು. “ನಮ್ಮ ಕಡೆ ಕೆರೆ ಮೀನೇ ಕೊಡಲ್ಲ.”

“ನೀವು ತಿಂದು ನೋಡಿ. ನಿಮಗೆ ಏನೂ ಆಗ್ಲಿಲ್ಲ ಅಂದ್ರೆ ಅವಳಿಗೆ ಬಡಿಸ್ತೀನಿ.”

ಇಷ್ಟು ವರ್ಷ ಒಂದೇ ವಠಾರದಲ್ಲಿದ್ದರೂ ಕನ್ನಿಯಮ್ಮನಿಗೆ ನಾನು ಒಂದು ಸಲವೂ ಥ್ಯಾಂಕ್ಸ್ ಹೇಳಿಲ್ಲ. ಇವತ್ತು ತಟ್ಟೆ ಹಾಕುವಾಗ ಹೇಳಲು ಹೋದೆ. “ಅಕ್ಕ, ನೀವು ಮಾಡಿದ್ದಕ್ಕೆ...” ಅನ್ನುವಷ್ಟರಲ್ಲಿ, “ಸಾರಿಗೆ ಉಪ್ಪು ಹಾಕಿದೀಯಾ ಲಲಿತಾ?” ಅಂದರು. ಹಾಕಿರಲಿಲ್ಲ. ಆ ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಮಂಜುಳ ಓದಿ ಹೇಳುತ್ತಾಳೆ.

ಮಧ್ಯಾಹ್ನದ ಬಸ್ಸು ಯಾರನ್ನೂ ಕಾಯದೆ ಹೋಗಿರಬೇಕು. ನಾವು ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಸುರಾ ಪುಟ್ಟು ಉಂಡೆವು. ಬೀಗಿತ್ತಿ ಪರೀಕ್ಷೆಗೆಂದು ಒಂದು ಚಮಚ ಹಾಕಿಸಿಕೊಂಡರು, ಆಮೇಲೆ ಸಂಶಯ ಪರಿಹಾರಕ್ಕೆಂದು ಎರಡು ಸಲ. ಊಟವಾದ ಮೇಲೆ ಬಾಣಂತಿ ಹಗಲು ಮಲಗಬಾರದು, ಮೈ ಊದುತ್ತದೆ, ನಾನು ಪಕ್ಕದಲ್ಲೇ ಕೂತು ಎಚ್ಚರವಾಗಿಡುತ್ತೇನೆ ಅಂದರು. ಮಗು ಇನ್ನೂ ಕಣ್ಣು ಬಿಟ್ಟುಕೊಂಡೇ ಇತ್ತು, ಮಂಜುಳ ಕಾಲು ಚಾಚಿ ಕೂತಿದ್ದಳು, ಕನ್ನಿಯಮ್ಮ ಅಕ್ಕಿ ನೆನೆಹಾಕುತ್ತಿದ್ದರು.

ಮೊದಲು ಗೊರಕೆ ಹೊಡೆದವರು ಯಾರು ಅಂತ ಬೇರೆ ಹೇಳಬೇಕೇ?